ಮೂರನೆಯ ಸೊನ್ನೆ

ಬೀದರ ಹಳೇ ಊರಿನ ಡಾಕ್ಟರುಗಳಲ್ಲಿ ಒಂದು ಮಾತಿತ್ತು: ಕಾಗದದ ಕೆಳಗೆ ಪ್ರಮಿಲಾಬಾಯಿಯ ಸಹಿ ಇದ್ದರೆ ಮತ್ತೊಂದು ಕಡೆ ತಪಾಸಣೆ ಮಾಡಿಸುವ ಕೆಲಸವಿಲ್ಲ. ಈ ಮಾತು ಪ್ರಮಿಲಾಳ ಕಿವಿಗೂ ಬಿದ್ದಿತ್ತು. ಬೀಳಬಾರದಿತ್ತು, ಬಿದ್ದಿತ್ತು. ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಮನುಷ್ಯನ ಕುತ್ತಿಗೆ ಅರ್ಧ ಅಂಗುಲ ಮೇಲೇರುತ್ತದೆ, ಆಕೆಯದೂ ಏರಿತ್ತು.

ಅವಳು ಹುಟ್ಟಿದ್ದು ಖಟಕ ಚಿಂಚೋಳಿಯಲ್ಲಿ, ತೊಗರಿ ಉದ್ದು ಬೆಳೆಯುವ ಮನೆಯಲ್ಲಿ. ಅಲ್ಲಿಂದ ದಿನಾ ಬಸ್ಸು ಹಿಡಿದು ಭಾಲ್ಕಿಗೆ ಬಂದು, ಅಬ್ದುಲ ವಾಹೀದ ಎಂಬ ಹಿರಿಯರ ಒಂದು ಕೋಣೆಯ ಲ್ಯಾಬಿನಲ್ಲಿ ಸೂಜಿ ಹಿಡಿಯುವುದನ್ನು ಕಲಿತಳು. ವಾಹೀದ ಸಾಹೇಬರಿಗೆ ಮಾತು ಕಡಿಮೆ. ಹೇಳಿದ ನಾಲ್ಕು ಮಾತುಗಳಲ್ಲಿ ಒಂದನ್ನು ಪ್ರಮಿಲಾ ಮುಂದೆ ತನ್ನ ಕೈಕೆಳಗೆ ಬಂದ ಹುಡುಗಿಯರಿಗೆಲ್ಲ ಒಪ್ಪಿಸುತ್ತಿದ್ದಳು: "ಇದ್ದದ್ದು ಒಮ್ಮೆ ನೋಡಿದ್ರ ಸಾಕು ಬೇಟಿ. ಇಲ್ಲ ಅಂತ ಬಂದದ್ದು ಎರಡ ಸಲ ನೋಡಬೇಕು." ರೋಗ ಇಲ್ಲದಿದ್ದರೂ ಸೊನ್ನೆ ಬರುತ್ತದೆ, ಬಾಟಲಿಯ ಔಷಧಿ ಸತ್ತುಹೋಗಿದ್ದರೂ ಸೊನ್ನೆ ಬರುತ್ತದೆ, ಎರಡೂ ನೋಡಲಿಕ್ಕೆ ಒಂದೇ ಎಂಬುದು ಅದರ ಅರ್ಥ. ಆದರೆ ಉಪದೇಶದ ಗುಣವೇ ಹಾಗೆ. ಮನೆಯ ಹೊಸ್ತಿಲು ದಾಟುವಾಗ ಅದು ಚಪ್ಪಲಿಯ ಜೊತೆ ಹೊರಗೇ ಉಳಿದುಬಿಡುತ್ತದೆ.

ಮದುವೆಯಾಗಿ ಬೀದರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಗಂಡ ವಿಠ್ಠಲ ಔರಾದ ತಾಲೂಕಿನ ಎಕಂಬಾದ ಶಾಲೆಯಲ್ಲಿ ಮಾಸ್ತರ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಪಾಠ. ಮಗಳು ಸಾನಿಕಾ ಒಂಬತ್ತನೆಯ ತರಗತಿ. ಅತ್ತೆ ಸುಮಿತ್ರಾಬಾಯಿಗೆ ಎಪ್ಪತ್ತು ದಾಟಿದ್ದರೂ ಮನೆಯ ಕಸಬರಿಗೆ ಅವರ ಕೈಯಲ್ಲೇ ಇತ್ತು. ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಮಾತಾಡುವ ಆ ಮನೆಯಲ್ಲಿ ಎರಡು ಭಾಷೆಗಳಿಗೂ ಮಿಗಿಲಾಗಿ ನಡೆಯುತ್ತಿದ್ದದ್ದು ಅವರ ಬಕೀಟು ಮತ್ತು ಚಿಂದಿಬಟ್ಟೆಯ ಆಡಳಿತ.

ಪ್ರತಿ ತಿಂಗಳ ಮೊದಲ ಸೋಮವಾರ ಲ್ಯಾಬಿಗೆ ಅಕ್ತರಬೀ ಎಂಬ ಮುದುಕಿ ಬರುತ್ತಿದ್ದಳು. ಸಕ್ಕರೆ ಕಾಯಿಲೆ, ಜೊತೆಗೆ ಮೂತ್ರಪಿಂಡದ ಹೆದರಿಕೆ. ಕೈಹಿಡಿದು ಕರೆತರುವವನು ಮಗ ಒವೈಸ, ಮೂವತ್ತರ ಆಸುಪಾಸಿನವನು. ಚೌಬಾರಾ ಗಡಿಯಾರ ಗೋಪುರದ ಹಿಂದಿನ ಓಣಿಯಲ್ಲಿ ಅವನದೊಂದು ಬಣ್ಣದ ಮೀನಿನ ಅಂಗಡಿ. ರಿಪೋರ್ಟು ಕೈಗೆ ಬಂದ ತಕ್ಷಣ ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಡುತ್ತಿದ್ದ. ಒಂದು ಸಲವೂ ಬಿಡಿಸಿ ನೋಡಿದವನಲ್ಲ. ಯಾಕಪ್ಪ ಓದುವುದಿಲ್ಲ ಎಂದು ಪ್ರಮಿಲಾ ಒಮ್ಮೆ ಕೇಳಿದಾಗ ಅವನು ನಕ್ಕು, "ನಿಮ್ಮ ಸಹಿ ಅದಲ್ರಿ ಬಾಯಾರ. ಮತ್ತೇನ ಓದೂದು?" ಎಂದಿದ್ದ. ಆ ಮಾತನ್ನು ಅವಳು ಅಂದು ಸಂಜೆ ಗಂಡನಿಗೆ ಹೇಳಿದಳು. ಮರುದಿನ ಮತ್ತೊಮ್ಮೆ ಹೇಳಿದಳು.

ಶ್ರಾವಣದ ಶುರುವಿಗೆ ಸಾನಿಕಾ ನಾಯಿ ಬೇಕೆಂದು ಹಟ ಹಿಡಿದಳು. ನಾಯಿ ಒಳಗೆ ಬಂದರೆ ತಾನು ಹೊರಗೆ ಹೋಗುತ್ತೇನೆಂದು ಸುಮಿತ್ರಾಬಾಯಿ ಹೇಳಿದರು. ನಾಯಿಗೂ ಅತ್ತೆಗೂ ನಡುವೆ ರಾಜಿಯಾಗಿ ಬಂದದ್ದು ಮೀನು. ಪ್ರಮಿಲಾ ಒವೈಸನ ಅಂಗಡಿಯಿಂದ ಎರಡು ಫೂಟಿನ ಗಾಜಿನ ತೊಟ್ಟಿ, ಮೋಟರು, ಸ್ಪಂಜಿನ ಫಿಲ್ಟರು ಎಲ್ಲ ತಂದಳು. ಮೀನು ಮಾತ್ರ ಅವನು ಕೊಡಲಿಲ್ಲ.

ಹೊಸ ನೀರಿಗೆ ಮೀನು ಬಿಟ್ಟರೆ ಅದು ತನ್ನ ಹೊಲಸಿನಲ್ಲೇ ಸಾಯುತ್ತದೆ ಎಂದು ಅವನು ತಿಳಿಸಿ ಹೇಳಿದ. ಮೀನಿನ ಹೊಲಸು, ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತದೆ, ಅದು ವಿಷ. ಕಣ್ಣಿಗೆ ಕಾಣದ ಒಂದು ಜಾತಿಯ ಹುಳ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿಯ ಹುಳ ಅದನ್ನು ತಿಂದು ನೈಟ್ರೇಟ್ ಮಾಡುತ್ತದೆ. ಅದು ಸ್ವಲ್ಪ ಇದ್ದರೆ ಮೀನಿಗೆ ಬಾಧೆಯಿಲ್ಲ, ಹೆಚ್ಚಾದರೆ ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಆಯಿತು. ಈ ಹುಳಗಳು ಸ್ಪಂಜಿನಲ್ಲಿ, ಕಲ್ಲಿನಲ್ಲಿ ಮನೆ ಮಾಡಲಿಕ್ಕೆ ಐದಾರು ವಾರ ಬೇಕು. ಅಲ್ಲಿಯ ತನಕ ಮೀನಿಲ್ಲದ ನೀರಿಗೆ ದಿನಾ ಒಂದು ಚಿಟಿಕೆ ಮೀನಿನ ಕಾಳು ಹಾಕುತ್ತಿರಬೇಕು. ಇಷ್ಟು ಹೇಳಿ ಅವನು ತನ್ನ ಹಳೇ ತೊಟ್ಟಿಯ ಸ್ಪಂಜಿನಿಂದ ಕಂದು ಬಣ್ಣದ, ಕೆಸರು ವಾಸನೆಯ ಒಂದು ತುಂಡು ಕತ್ತರಿಸಿ ಚೀಲದಲ್ಲಿ ಕಟ್ಟಿಕೊಟ್ಟ.

"ಹೆಪ್ಪು ಇದ್ದಂಗ ತಿಳೀರಿ ಬಾಯಾರ. ನೀರು ಹೆಪ್ಪುಗಟ್ಟೋ ತನ ಗಡಬಡ ಮಾಡಬ್ಯಾಡ್ರಿ."

ಗಡಬಡ ಮಾಡುವ ಹೆಂಗಸೇ ಆಕೆ? ಹೈದರಾಬಾದಿನಿಂದ ನೀರು ತಪಾಸಣೆಯ ಪೆಟ್ಟಿಗೆಯನ್ನೇ ತರಿಸಿದಳು. ದಿನಾ ಸಂಜೆ ಏಳಕ್ಕೆ ಮೂರು ಗಾಜಿನ ನಳಿಗೆ, ಮೂರು ಬಗೆಯ ಹನಿ. ಮೊದಲನೆಯದು ಅಮೋನಿಯಾ: ಹಳದಿ ಬಂದರೆ ಸೊನ್ನೆ, ಹಸಿರು ಬಂದರೆ ವಿಷ. ಎರಡನೆಯದು ನೈಟ್ರೈಟ್: ತಿಳಿನೀಲಿ ಬಂದರೆ ಸೊನ್ನೆ, ನೇರಳೆ ಬಂದರೆ ವಿಷ. ಮೂರನೆಯದು ನೈಟ್ರೇಟ್: ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ಏರುತ್ತದೆ. ಮೊದಲ ವಾರಕ್ಕೆ ಮೊದಲ ನಳಿಗೆ ಹಸಿರಾಯಿತು. ಮೂರನೇ ವಾರಕ್ಕೆ ಹಸಿರು ಇಳಿಯುತ್ತ ಎರಡನೆಯದು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಪ್ರಮಿಲಾ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕಿದಳು. ಸಾನಿಕಾ ಬೇಸರಗೊಂಡು ಮೊಬೈಲಿಗೆ ಮರಳಿದಳು. ಸುಮಿತ್ರಾಬಾಯಿ ಮಾತ್ರ ಖಾಲಿ ನೀರಿಗೆ ಕಾಳು ಬೀಳುವುದನ್ನು ದಿನಾ ನೋಡಿ ಒಂದು ದಿನ ಕೇಳಿಯೇಬಿಟ್ಟರು: "ದೇವರ ಮುಂದ ನೈವೇದ್ಯ ಇಟ್ರ ಫೋಟೋ ಆದರೂ ಇರ್ತದ. ನೀ ಯಾರಿಗಿ ಇಡ್ಲಾಕತ್ತೀದಿ?"

ನೀರು ತಯಾರಾಗುತ್ತಿದೆ ಅತ್ತೀ ಎಂದಷ್ಟೇ ಪ್ರಮಿಲಾ ಹೇಳಿದಳು. ಹುಳದ ವಿಷಯ ಎತ್ತಲಿಲ್ಲ. ಮನೆಯೊಳಗೆ ಹುಳ ಸಾಕುತ್ತಿದ್ದೇನೆ ಎಂದು ಯಾವ ಸೊಸೆ ಅತ್ತೆಗೆ ಹೇಳುತ್ತಾಳೆ? ಅದೂ ಅಂಥ ಅತ್ತೆಗೆ?

ಆರನೆಯ ವಾರದ ಕೊನೆಗೆ ಮೊದಲ ನಳಿಗೆ ಹಳದಿ, ಎರಡನೆಯದು ನೀಲಿ, ಮೂರನೆಯದು ಒಳ್ಳೆ ಕಿತ್ತಳೆ. ಫೋಟೋ ನೋಡಿದ ಒವೈಸ ನೀರು ಪಕ್ಕಾ ಆಯಿತೆಂದು ಸಂತೋಷಪಟ್ಟ. ಮೂರನೆಯದು ಇದ್ದರೇನೇ ಹುಳ ಬದುಕಿವೆ ಎಂಬ ಗುರುತು ಅಂತಲೂ ಹೇಳಿದ. ಪ್ರಮಿಲಾ ತಲೆಯಾಡಿಸಿದಳು, ಆದರೆ ಒಳಗಿಳಿಸಿಕೊಳ್ಳಲಿಲ್ಲ. ಮೂತ್ರದಲ್ಲಿ ಸಕ್ಕರೆ ನಿಲ್, ಪ್ರೋಟೀನ್ ನಿಲ್ ಎಂದು ಬರೆದು ಬರೆದು ಬೆರಳು ಸವೆಸಿದವಳಿಗೆ ಸೊನ್ನೆಗಿಂತ ಒಳ್ಳೆಯದು ಯಾವುದೂ ಇರಲಿಲ್ಲ.

ಮೀನು ತರಬೇಕೆನ್ನುವಾಗಲೇ ಲ್ಯಾಬಿನವರು ಅವಳನ್ನು ಔರಾದಿಗೆ ಕಳಿಸಿದರು. ಶಾಲೆಯ ಹೆಣ್ಣುಮಕ್ಕಳ ರಕ್ತ ತಪಾಸಣೆಯ ಶಿಬಿರ, ಮೂರು ದಿನ. ನೀರಿಗೆ ದಿನಾ ಒಂದು ಚಿಟಿಕೆ ಕಾಳು ಹಾಕು ಎಂದು ಸಾನಿಕಾಗೆ ಹೇಳಿ ಹೋದಳು.

ಆ ವಾರವೇ ನವರಾತ್ರಿಯ ಘಟ ಕೂಡುವುದಿತ್ತು, ಅಂದರೆ ದೇವಿಯ ಕಳಶ ಇಡುವುದಿತ್ತು. ಆ ಸೀಮೆಯಲ್ಲಿ ಘಟ ಕೂಡುವ ಮೊದಲು ಮನೆಯ ಒಂದು ಚಮಚವೂ ತೊಳೆಯದೆ ಉಳಿಯುವಂತಿಲ್ಲ. ಸುಮಿತ್ರಾಬಾಯಿ ಮರಾಠಿಯಲ್ಲಿ ಅದನ್ನು 'ದಸರಾ ಕಾಢಣೆ' ಎನ್ನುತ್ತಿದ್ದರು. ಕೌದಿ, ಹಾಸಿಗೆ, ಡಬ್ಬಿ, ಹಂಡೆ, ಗೋಡೆಯ ಮೇಲಿನ ಫೋಟೋ, ಫ್ಯಾನಿನ ರೆಕ್ಕೆ, ಎಲ್ಲ ನೀರು ಕಂಡು ಬಿಸಿಲು ಕಂಡು ಮರಳಿ ಜಾಗಕ್ಕೆ ಬರಬೇಕು. ಮೂರನೇ ದಿನ ಸಂಜೆ ಪ್ರಮಿಲಾ ಮನೆಗೆ ಕಾಲಿಟ್ಟಾಗ ನೆಲ ಕನ್ನಡಿಯಂತಿತ್ತು. ಮೂಲೆಯ ಗಾಜಿನ ತೊಟ್ಟಿಯೂ ಥಳಥಳ ಹೊಳೆಯುತ್ತಿತ್ತು. ಅತ್ತೆ ಹೊರಗಿನ ಗಾಜು ಒರೆಸಿದ್ದಾರೆ ಎಂದುಕೊಂಡಳು. ಕೈಕಾಲು ತೊಳೆದು ನಳಿಗೆ ಹಿಡಿದಳು. ಹಳದಿ, ನೀಲಿ, ಹಳದಿ. ಮೂರೂ ಸೊನ್ನೆ.

ಎರಡನೆಯ ಸಲ ನೋಡಲಿಲ್ಲ. ಖುಷಿಯಿಂದ ಒಂದು ಕಾಗದ ತೆಗೆದು, ಲ್ಯಾಬಿನ ರಿಪೋರ್ಟಿನಂತೆ ಗೆರೆ ಎಳೆದು ಬರೆದಳು: ಅಮೋನಿಯಾ ನಿಲ್, ನೈಟ್ರೈಟ್ ನಿಲ್, ನೈಟ್ರೇಟ್ ನಿಲ್. ಕೆಳಗೆ ತಾರೀಖು, ಸಹಿ. ತಮಾಷೆಯೂ ಹೌದು, ಜಂಬವೂ ಹೌದು.

ಮರುದಿನ ಒವೈಸ ಆ ಕಾಗದವನ್ನು ಅಂಗಡಿಯ ಗಲ್ಲೆಯ ಮೇಲಿಟ್ಟು ಮೂರನೆಯ ಸಾಲನ್ನೇ ನೋಡುತ್ತ ನಿಂತ. ಆಮೇಲೆ ಹಿಂಜರಿಯುತ್ತ ಕೇಳಿದ: "ಮನ್ಯಾಗ ಯಾರರೆ ತೊಟ್ಟಿ ತೊಳದಾರೇನ್ರಿ ಬಾಯಾರ?"

"ನಮ್ಮ ಮನ್ಯಾಗ ನನ್ನ ಕೇಳ್ದ ಯಾರೂ ಅದಕ್ಕ ಕೈ ಹಚ್ಚಂಗಿಲ್ಲ" ಎಂದಳು ಪ್ರಮಿಲಾ.

ಹಾಗಾದರೆ ಇವತ್ತು ಎರಡೇ ಮೀನು ಒಯ್ಯಿರಿ, ಒಂದು ವಾರ ನೋಡಿ ಉಳಿದವು ಎಂದು ಅವನು ಹೇಳಿದ. ಜೊತೆಗೆ ಬಂದಿದ್ದ ಸಾನಿಕಾ ಆಗಲೇ ಎಂಟಕ್ಕೆ ಬೆರಳು ತೋರಿಸಿದ್ದಳು. ನನ್ನ ರೀಡಿಂಗಿನ ಮೇಲೆ ನಿನಗೆ ಅನುಮಾನವೇ ಎಂಬಂತೆ ಪ್ರಮಿಲಾ ಅವನನ್ನು ನೋಡಿದಳು. ಒವೈಸ ಮತ್ತೆ ಕಾಗದ ನೋಡಿದ, ಸಹಿ ನೋಡಿದ, ಸುಮ್ಮನೆ ಎಂಟು ಮೀನು ಹಿಡಿದು ಕೊಟ್ಟ. ಕಾಗದ ಅಲ್ಲಿಯೇ ಉಳಿಯಿತು, ತಪಾಸಣೆಯ ಪೆಟ್ಟಿಗೆ ಮನೆಯ ಕಪಾಟು ಸೇರಿತು.

ಎರಡನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿಗೆ ಒದ್ದಾಡಿದವು. ನಾಲ್ಕನೆಯ ದಿನಕ್ಕೆ ಮೂರು ಸತ್ತವು. ಆರನೆಯ ದಿನ ಸಾನಿಕಾ ಶಾಲೆಯಿಂದ ಬಂದಾಗ ಉಳಿದದ್ದು ಒಂದು, ಅದೂ ಸಂಜೆಗೆ ಹೋಯಿತು. ಹುಡುಗಿ ಊಟ ಮಾಡದೆ ಮಲಗಿದಳು. ಪ್ರಮಿಲಾ ಉರಿಯುತ್ತ ನಳಿಗೆ ಹಿಡಿದಳು. ಮೊದಲನೆಯದು ಕಡುಹಸಿರು. ಅದಕ್ಕೆ ಆಕೆ ಕೊಟ್ಟ ಅರ್ಥ ಬಹಳ ಸರಳ: ಮೀನಿಗೆ ಮೊದಲೇ ರೋಗವಿತ್ತು, ಸತ್ತವು, ಸತ್ತದ್ದು ಕೊಳೆತು ಅಮೋನಿಯಾ ಬಂತು. ತನ್ನ ನೀರಿನಲ್ಲಿ ಮೂರು ಸೊನ್ನೆ ಇತ್ತಲ್ಲ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಮೋನಿಯಾದಿಂದಲೇ ಮೀನು ಸತ್ತಿರಬಹುದೆಂಬ ಮಾತು ಆ ತಲೆಯ ಹತ್ತಿರವೂ ಸುಳಿಯಲಿಲ್ಲ.

ಮರುದಿನ ಮೂತ್ರ ತರುವ ಮುಚ್ಚಳದ ಡಬ್ಬಿಯಲ್ಲಿ ಎರಡು ಸತ್ತ ಮೀನು ಹಾಕಿಕೊಂಡು, ಮೇಲೆ ಚೀಟಿ ಅಂಟಿಸಿ ತಾರೀಖು ಬರೆದು, ನಾಲ್ಕು ಗಿರಾಕಿಗಳ ಎದುರಿಗೆ ಒವೈಸನ ಗಲ್ಲೆಯ ಮೇಲಿಟ್ಟಳು. ರೋಗದ ಮೀನು ಮಾರುವುದೂ ಒಂದು ವ್ಯಾಪಾರವೇ ಎಂದು ಕೇಳಿದಳು. ಇಪ್ಪತ್ತೆರಡು ವರ್ಷದ ತನ್ನ ಅನುಭವವನ್ನು ಹೇಳಿದಳು. ಒವೈಸ ತಲೆ ತಗ್ಗಿಸಿ ನಿಂತ. ಒಂದೇ ಮಾತೆಂದ: "ನಂದೇ ತಪ್ಪರಿ ಬಾಯಾರ. ಎಂಟ ಕೊಡಬಾರ್ದಿತ್ತು."

ಇಷ್ಟಕ್ಕೇ ನಿಂತಿದ್ದರೂ ನಡೆಯುತ್ತಿತ್ತು. ಸಾನಿಕಾಳ ಶಾಲೆಯ ದೊಡ್ಡ ಸಭಾಂಗಣದಲ್ಲಿ ಆರು ಫೂಟಿನ ಮೀನಿನ ತೊಟ್ಟಿ ಇಡುವ ಮಾತು ನಡೆದಿತ್ತು. ಕೆಲಸ ಒವೈಸನಿಗೆ ಎಂದು ಬಹುಮಟ್ಟಿಗೆ ನಿಶ್ಚಯವಾಗಿತ್ತು. ಅವನು ಅದರ ನಂಬಿಕೆಯಲ್ಲೇ ಅಂಗಡಿಯ ಪಕ್ಕದ ಕೋಣೆಯನ್ನೂ ಹಿಡಿದಿದ್ದ. ಪಾಲಕರ ಸಭೆಯಲ್ಲಿ ಪ್ರಮಿಲಾ ಎದ್ದು ನಿಂತು ರೋಗದ ಮೀನಿನ ಕಥೆ ಹೇಳಿದಳು. ಅದೇ ಸಂಜೆ ಸತ್ತ ಮೀನಿನ ಫೋಟೋ, ಮೂರು ಸೊನ್ನೆಯ ಕ್ಯಾಲೆಂಡರಿನ ಫೋಟೋ ಎರಡನ್ನೂ ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದಳು. ಲ್ಯಾಬಿನ ಬಾಯಿ ಹೇಳಿದ ಮೇಲೆ ಮುಗಿಯಿತು. ಫೋಟೋ ಒಂದು ಗುಂಪಿನಿಂದ ನಾಲ್ಕು ಗುಂಪಿಗೆ ಹಾರಿತು. ವಾರದೊಳಗೆ ಶಾಲೆಯವರು ಬೇರೆ ಊರಿನವರಿಗೆ ಕೆಲಸ ಒಪ್ಪಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ತಿಂಗಳ ಮೊದಲ ಸೋಮವಾರವೂ ಒವೈಸ ತಾಯಿಯನ್ನು ಕರೆದುಕೊಂಡು ಬಂದ. ಪ್ರಮಿಲಾಗೆ ಆಶ್ಚರ್ಯವಾಯಿತು. ಎಂದಿನಂತೆ ಬಾಗಿಲ ಬಳಿ ನಿಂತ, ರಿಪೋರ್ಟು ತೆಗೆದುಕೊಂಡ, ಓದದೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ತಪ್ಪು ಮಾಡಿದವನಿಗೆ ಎದುರು ಮಾತಾಡುವ ಮುಖ ಎಲ್ಲಿರುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ದೀಪಾವಳಿ ಹತ್ತಿರ ಬಂತು. ಮೀನಿಲ್ಲದ ತೊಟ್ಟಿಯನ್ನು ಕಂಡರೆ ಸಾನಿಕಾ ಮುಖ ತಿರುಗಿಸುತ್ತಿದ್ದಳು. ಅದನ್ನು ಅಟ್ಟಕ್ಕೆ ಹಾಕಿಬಿಡೋಣವೆಂದು ಒಂದು ಭಾನುವಾರ ಪ್ರಮಿಲಾ ನೀರು ಮೊಗೆಯತೊಡಗಿದಾಗ ಸುಮಿತ್ರಾಬಾಯಿ ಸೆರಗು ಸಿಕ್ಕಿಸಿಕೊಂಡು ಬಂದರು.

"ನೀ ಬಿಡು, ನಾ ತೊಳೀತೇನಿ. ಆವಾಗೂ ನಾನೇ ತೊಳದಿದ್ದೆ."

"ಯಾವಾಗ ಅತ್ತೀ?"

"ಘಟ ಕೂಡೂ ಮೊದಲ, ನೀ ಔರಾದಕ್ಕ ಹೋಗಿದ್ದಿ ನೋಡು. ಒಂದರೆ ಮೀನ ಇದ್ದಿಲ್ಲ ಅದರಾಗ. ತಿಂಗಳಾನುಗಟ್ಲೆ ನಿಂತ ನೀರು. ದವಾಖಾನಿ ಆಶಾ ಬಾಯಿ ಬಂದು ನಿಂತ ನೀರ ಚೆಲ್ಲರಿ, ಡೆಂಗಿ ಬರ್ತದ ಅಂತ ಹೇಳಿ ಹೋಗಿದ್ಲು. ಆ ಸ್ಪಂಜು ಅಂತೂ ನಾರ್ತಿತ್ತು. ಬ್ಲೀಚಿಂಗ ಪೌಡರ ಹಾಕಿ ತಿಕ್ಕಿ, ಕಲ್ಲು ಸುದ್ದಾ ಮಾಳಗಿ ಮ್ಯಾಲ ಬಿಸಲಿಗಿ ಒಣಗಿಸಿ, ಹೊಸ ನೀರ ತುಂಬಿದ್ದೆ."

ಸಾನಿಕಾ ಶಾಲೆಯಿಂದ ಬರುವಷ್ಟರಲ್ಲಿ ಎಲ್ಲ ಜಾಗಕ್ಕೆ ಮರಳಿತ್ತಂತೆ. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಹಬ್ಬಕ್ಕೆ ನೂರು ಸಾಮಾನು ತೊಳೆದವರು ನೂರಾ ಒಂದನೆಯದನ್ನು ಯಾಕೆ ಎಣಿಸಿ ಹೇಳಬೇಕು? ತೊಳೆದದ್ದರಿಂದ ಯಾವ ಜೀವವಾದರೂ ಸಾಯುತ್ತದೆಂದು ಅವರ ಎಪ್ಪತ್ತು ವರ್ಷದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ಹುಳ ಎಂಬ ಶಬ್ದಕ್ಕೆ ನಾಚಿ ಸುಮ್ಮನಿದ್ದಳು.

ಪ್ರಮಿಲಾ ಮಗ್ಗು ಕೆಳಗಿಟ್ಟು ನೆಲದ ಮೇಲೆ ಕೂತಳು. ಫಿಲ್ಟರಿನ ಸ್ಪಂಜು ಎತ್ತಿ ನೋಡಿದಳು. ಒಂದು ಕಂದು ಕಲೆಯೂ ಇಲ್ಲದೆ ಅಂಗಡಿಯಿಂದ ತಂದ ದಿನದಂತಿತ್ತು. ಆರು ವಾರ ಹೆಪ್ಪುಗಟ್ಟಿದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಹೋಗಿತ್ತು. ಮೂರನೆಯ ಸೊನ್ನೆ ಅದನ್ನೇ ಹೇಳಿತ್ತು. ಆ ಮೀನು ಮಾರುವ ಹುಡುಗ ಅದನ್ನು ಕಂಡ ತಕ್ಷಣ ಓದಿದ್ದ, ಕೇಳಿಯೂ ಇದ್ದ. ಇಪ್ಪತ್ತೆರಡು ವರ್ಷದ ಅನುಭವದ ತಾನು ಅವನ ಬಾಯಿ ಮುಚ್ಚಿಸಿದ್ದಳು. ನಾಚಿಕೆಯಿಂದ ಆಕೆಯ ಕಿವಿ ಬಿಸಿಯಾದವು.

ನಾಚಿಕೆಯಾದ ತಕ್ಷಣ ಎದ್ದು ಓಡಿದಳು ಎಂದರೆ ಸುಳ್ಳಾದೀತು. ಹನ್ನೊಂದು ದಿನ ಸುಮ್ಮನಿದ್ದಳು. ಈ ವಿಷಯ ಗೊತ್ತಿರುವುದು ತನಗೊಬ್ಬಳಿಗೆ. ಅತ್ತೆಗೆ ಗೊತ್ತಿದ್ದರೂ ಅದರ ಅರ್ಥ ಗೊತ್ತಿಲ್ಲ. ಎಂಟು ಮೀನಿನ ಮಾತು, ಊರು ಮರೆಯುತ್ತದೆ. ಅವನು ಪ್ರಾಯದವನು, ಇನ್ನೊಂದು ಕೆಲಸ ಸಿಗುತ್ತದೆ. ತನ್ನದು ಹಾಗಲ್ಲ: ಪ್ರಮಿಲಾಬಾಯಿ ರೀಡಿಂಗನ್ನೇ ತಪ್ಪು ತಿಳಿದಳಂತೆ ಎಂಬ ಮಾತು ಹುಟ್ಟಿದರೆ ನಾಳೆ ಯಾವ ಡಾಕ್ಟರು ಆ ಸಹಿಯನ್ನು ನಂಬಿಯಾನು? ಇಷ್ಟೆಲ್ಲ ಲೆಕ್ಕ ಹಾಕಿ ಲ್ಯಾಬಿಗೆ ಹೋಗುತ್ತಿದ್ದಳು. ಅಲ್ಲಿ ನಿಲ್ ಎಂದು ಬರೆಯುವಾಗ ಪ್ರತಿಸಲ ಪೆನ್ನು ಒಂದು ಗಳಿಗೆ ತಡೆಯುತ್ತಿತ್ತು. ಬಂದ ಎಲ್ಲ ಸೊನ್ನೆಗಳನ್ನೂ ಎರಡು ಸಲ ನೋಡತೊಡಗಿದಳು. ಕೆಲಸ ಹಿಂದೆ ಬಿತ್ತು, ಹುಡುಗಿಯರು ಮುಖ ಮುಖ ನೋಡಿಕೊಂಡರು.

ಹನ್ನೊಂದನೆಯ ದಿನ ಊಟಕ್ಕೆ ಕೂತಾಗ ವಿಠ್ಠಲ ಸಹಜವಾಗಿ ಹೇಳಿದ: "ನಿನ್ನ ಮೀನಿನ ಹುಡುಗ ಇವತ್ತ ಔರಾದ ಸಂತ್ಯಾಗ ಕಂಡ. ಗೋಣಿ ತಟ್ಟು ಹಾಸಿ ಪ್ಲಾಸ್ಟಿಕ ಚೀಲದಾಗ ಮೀನಾ ಮಾರ್ಲಾಕತ್ತಾನ. ಭಾಲ್ಕಿ ಸಂತಿಗೂ ಹೋಗ್ತಾನಂತ." ಚೌಬಾರಾ ಓಣಿಯ ಅಂಗಡಿಗೆ ಗಿರಾಕಿಯಿಲ್ಲ, ವಾರದಲ್ಲಿ ಮೂರು ದಿನ ಬಾಗಿಲು ಹಾಕಿರುತ್ತದೆ, ಪಕ್ಕದ ಕೋಣೆಯನ್ನೂ ಬಿಟ್ಟುಕೊಟ್ಟ ಎಂದೂ ಹೇಳಿದ. ಪ್ರಮಿಲಾ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಮರಳಿಟ್ಟಳು. ಅಂದು ಗಂಡನಿಗೂ ಅತ್ತೆಗೂ ಎಲ್ಲ ಬಿಡಿಸಿ ಹೇಳಿದಳು. ಸುಮಿತ್ರಾಬಾಯಿ ಬಹಳ ಹೊತ್ತು ತಮ್ಮ ಅಂಗೈ ನೋಡಿಕೊಳ್ಳುತ್ತ ಕೂತರು. ಆಮೇಲೆ ಒಂದೇ ಮಾತು ಕೇಳಿದರು: "ನನಗ ಯಾಕ ಹೇಳ್ಲಿಲ್ಲ?"

ಮುಂದಿನ ಸಂತೆಗೆ ರಜೆ ಹಾಕಿ ಔರಾದ ಬಸ್ಸು ಹತ್ತಿದಳು. ಮೆಣಸಿನಕಾಯಿ ರಾಶಿ ದಾಟಿ, ಪ್ಲಾಸ್ಟಿಕ್ ಕೊಡಗಳ ಅಂಗಡಿಯ ಪಕ್ಕ ಒವೈಸ ಕೂತಿದ್ದ. ಎರಡು ಕೋಲಿನ ನಡುವೆ ಕಟ್ಟಿದ ಹಗ್ಗಕ್ಕೆ ನೀರಿನ ಚೀಲಗಳು ತೂಗುತ್ತಿದ್ದವು, ಒಂದೊಂದರಲ್ಲಿ ಒಂದೊಂದು ಮೀನು. ಇವಳನ್ನು ಕಂಡು ಅವನು ಎದ್ದು ನಿಂತ. ಮತ್ತೇನು ತಪ್ಪಾಯಿತೋ ಎಂಬ ಹೆದರಿಕೆ ಅವನ ಮುಖದಲ್ಲಿತ್ತು, ಅದನ್ನು ನೋಡುವುದೇ ಅವಳಿಗೆ ಕಷ್ಟವಾಯಿತು.

ನಿಂತಲ್ಲೇ ಎಲ್ಲ ಹೇಳಿದಳು. ದಸರೆಯ ತೊಳೆತ, ಬ್ಲೀಚಿಂಗ್ ಪೌಡರು, ಮೂರನೆಯ ಸೊನ್ನೆ, ತನ್ನ ಹನ್ನೊಂದು ದಿನದ ಮೌನ. ಒವೈಸ ತಲೆಯಾಡಿಸುತ್ತ ಕೇಳಿದ. ಅವನಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ.

"ಆ ಕಾಗದ ಇಟ್ಟೀದ್ಯೇನಪಾ?" ಎಂದು ಅವಳು ಕೇಳಿದಳು.

"ಅದರಿ. ಅಮ್ಮನ ಕಾಗದಗೋಳ ಜೋಡಿ ಇಟ್ಟೀನಿ."

"ಮತ್ತ ಸಾಲಿಯವ್ರಿಗಿ ಯಾಕ ತೋರಸ್ಲಿಲ್ಲ? ನೈಟ್ರೇಟ್ ನಿಲ್ ಅಂತ ನಾನೇ ಬರದು ಸಹಿ ಹಾಕೀನಿ. ಅದೊಂದ ತೋರಿಸಿದ್ರ ತಪ್ಪು ನಂದು ಅಂತ ಆಗ್ತಿತ್ತು."

ಒವೈಸ ಹಗ್ಗಕ್ಕೆ ಕಟ್ಟಿದ ಚೀಲವೊಂದನ್ನು ಸರಿಮಾಡಿದ.

"ಹ್ಯಾಂಗ ತೋರಸ್ಲಿರಿ ಬಾಯಾರ? ಅದರ ಕೆಳಗ ಇದ್ದ ಸಹೀನೇ ನಮ್ಮ ಅಮ್ಮನ ಕಾಗದದ ಕೆಳಗೂ ಅದ. ಆ ಸಹಿ ನೋಡೇ ಡಾಕ್ಟರ ಇನ್ಸುಲಿನ್ ಎಷ್ಟ ಅಂತ ಬರೀತಾರ. ಅದು ಸುಳ್ಳಂತ ನಾನೇ ನಾಲ್ಕ ಮಂದಿಗಿ ತೋರಿಸಿದ್ರ, ರಾತ್ರಿ ಅಮ್ಮಗ ಯಾವ ನಂಬಕಿ ಮ್ಯಾಲ ಸೂಜಿ ಹಾಕ್ಲಿ?"

ಪ್ರಮಿಲಾಳ ಕಣ್ಣಲ್ಲಿ ನೀರು ಬಂತು, ಸಂತೆಯ ನಡುವೆ ಸೆರಗಿನಿಂದ ಒರೆಸಿಕೊಂಡಳು. ಏನಾದರೂ ಮಾಡಬೇಕೆನಿಸಿ, ತೂಗುತ್ತಿದ್ದ ಚೀಲಗಳಲ್ಲಿ ಎಂಟನ್ನು ಕೊಡು ಎಂದು ಕೇಳಿದಳು. ಅವನು ಕೊಡಲಿಲ್ಲ.

"ಈಗ ಮೀನಾ ಬ್ಯಾಡ್ರಿ ಬಾಯಾರ. ಆರ ವಾರ ಖಾಲಿ ನೀರ ಇಡ್ರಿ. ಆಮ್ಯಾಲ ನೋಡಮು."

ಆಕೆ ಕೇಳಿಕೊಂಡಂತೆ ಮರುದಿನ ಅವನು ಆ ಕಾಗದ ತಂದುಕೊಟ್ಟ. ಲ್ಯಾಬಿನ ಪದ್ಧತಿಯಂತೆ ಪ್ರಮಿಲಾ ಮೂರನೆಯ ಸಾಲಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ತೊಟ್ಟಿ ತೊಳೆದದ್ದರಿಂದ ಬಂದ ಸೊನ್ನೆ, ಮೀನಿಗೆ ರೋಗವಿರಲಿಲ್ಲ, ತಪ್ಪು ನನ್ನದು' ಎಂದು ಬರೆದು ಮತ್ತೆ ಸಹಿ ಹಾಕಿದಳು. ಪಾಲಕರ ಸಭೆಯಲ್ಲಿ ಎದ್ದು ನಿಂತು ಓದಿದಳು. ಗುಂಪಿಗೂ ಹಾಕಿದಳು. ಹನ್ನೊಂದು ಜನ ಹೆಬ್ಬೆರಳಿನ ಚಿತ್ರ ಒತ್ತಿದರು. ಮೊದಲಿನ ಫೋಟೋ ನಾಲ್ಕು ಗುಂಪಿಗೆ ಹಾರಿತ್ತಲ್ಲ, ಇದು ಹಾಕಿದಲ್ಲೇ ಬಿದ್ದಿತ್ತು. ಶಾಲೆಯ ಸಭಾಂಗಣದಲ್ಲಿ ಬೇರೆಯವರ ತೊಟ್ಟಿ ಆಗಲೇ ಬಂದು ಕೂತಿತ್ತು. ಮುಂದೆ ನೋಡೋಣ ಎಂದರು ಮುಖ್ಯೋಪಾಧ್ಯಾಯಿನಿ. ಮುಂದೆ ಎಂಬುದು ಎಂದು ಬರುತ್ತದೋ ಯಾರಿಗೆ ಗೊತ್ತು. ಡಾಕ್ಟರೊಬ್ಬರು ಆಕೆಯ ಎರಡು ರಿಪೋರ್ಟುಗಳನ್ನು ಬೇರೆ ಲ್ಯಾಬಿಗೆ ಕಳಿಸಿ ತಾಳೆ ನೋಡಿದರೆಂಬ ಸುದ್ದಿಯೂ ಬಂತು. ಎರಡೂ ಸರಿಯಿದ್ದವು. ಆದರೂ ಕಳಿಸಿದ್ದರು.

ಮನೆಯಲ್ಲಿ ತೊಟ್ಟಿಗೆ ಮತ್ತೆ ನೀರು ತುಂಬಿತು. ಒವೈಸ ಕೊಟ್ಟ ಕಂದು ಸ್ಪಂಜಿನ ತುಂಡು ಒಳಗೆ ಹೋಯಿತು. ಈ ಸಲ ದಿನಾ ಚಿಟಿಕೆ ಕಾಳು ಹಾಕುವವರು ಸುಮಿತ್ರಾಬಾಯಿ. ಹುಳಗಳು ಉಂಡವೇ ಎಂದು ಸಂಜೆ ಸೊಸೆಯನ್ನು ಕೇಳುತ್ತಾರೆ.

ತಿಂಗಳ ಮೊದಲ ಸೋಮವಾರ ಅಕ್ತರಬೀ ಬಂದಳು. ಎಂದಿನಂತೆ ಸೆರಗು ಸರಿಸಿ ಕೈ ಚಾಚಿದಳು. ಪ್ರಮಿಲಾ ರಕ್ತ ತೆಗೆದಳು, ಮೂತ್ರ ನೋಡಿದಳು, ಇನ್ನೊಮ್ಮೆ ನೋಡಿದಳು, ಬರೆದು ಸಹಿ ಹಾಕಿ ಕಾಗದವನ್ನು ಒವೈಸನ ಕೈಗೆ ಕೊಟ್ಟಳು. ಅವನು ಮಡಚಲಿಲ್ಲ. ಟ್ಯೂಬಲೈಟಿನ ಕೆಳಗೆ ಹಿಡಿದು ಮೇಲಿನ ಸಾಲಿನಿಂದ ಬೆರಳಿಟ್ಟು ಓದತೊಡಗಿದ. ಪ್ರೋಟೀನ್ ನಿಲ್ ಎಂಬಲ್ಲಿ ಬೆರಳು ನಿಂತಿತು.

"ಇದು ಎರಡ ಸಲ ನೋಡೀರೇನ್ರಿ ಬಾಯಾರ?" ಎಂದ, ಮೆಲ್ಲಗೆ, ಗೌರವದಿಂದಲೇ.

"ಎರಡ ಸಲ ನೋಡೀನಿ" ಎಂದಳು.

ಅವನು ಮುಂದಿನ ಸಾಲಿಗೆ ಹೋದ. ಕೊನೆಯ ಸಾಲು ಓದಿ ಮುಗಿಸುವ ತನಕ ಪ್ರಮಿಲಾ ಅವನೆದುರು ನಿಂತೇ ಇದ್ದಳು.